ಅಧ್ಯಕ್ಷರ ಅಡುಗೆಮನೆ

ಶೇಷಗಿರಿರಾಯರು ಅಂಗಳದಲ್ಲಿ ಚಪ್ಪಲಿ ಬಿಟ್ಟವರೇ ಹೇಳದೆ ಕೇಳದೆ ಪಂಚಾಯಿತಿ ಅಧ್ಯಕ್ಷರ ಅಡುಗೆಮನೆಗೇ ನುಗ್ಗಿದರು.

ಕನ್ನಡ ನಾಡು ಒಂದಾದ ಮರುವರ್ಷ ತುಮಕೂರಿನಿಂದ ಬೆಳ್ತಂಗಡಿಗೆ ವರ್ಗವಾಗಿ ಬಂದ ವಿಚಾರಣಾಧಿಕಾರಿ ಅವರು. ಸರಕಾರದ ಹಣ ನುಂಗಿದವನ ಕಡತ ತಿರುವಿ ಪ್ರಯೋಜನವಿಲ್ಲ, ಅವನ ಒಲೆಯ ಮೇಲೆ ಏನು ಬೇಯುತ್ತಿದೆ ನೋಡಬೇಕು ಎನ್ನುವುದು ಅವರ ಹಠ. ಆ ಹಠದಿಂದ ಎಷ್ಟೋ ಕಳ್ಳರನ್ನು ಹಿಡಿದಿದ್ದರು. ಸ್ವಲ್ಪ ಜಂಬವೂ ಇತ್ತೆನ್ನಿ.

ಒಲೆಯ ಮೇಲಿದ್ದದ್ದು ಗಂಜಿ. ಪಕ್ಕದ ಚಟ್ಟಿಯಲ್ಲಿ ಹುರುಳಿ ಚಟ್ನಿ. ಮಾಡಿಗೆ ಹೊದೆಸಿದ ಹುಲ್ಲು ಕರಿಹಿಡಿದು ಉದುರುತ್ತಿತ್ತು. ಜಗಲಿಯಲ್ಲಿ ಅಧ್ಯಕ್ಷರ ಮಗ ಭೋಜ ಹರಿದ ಬನಿಯನ್ನಿನಲ್ಲಿ ಕೂತು ಬೀಡಿ ಸುತ್ತುತ್ತಿದ್ದ.

"ಹುಡುಕಿ ಸ್ವಾಮಿ, ಧಾರಾಳವಾಗಿ ಹುಡುಕಿ" ಎಂದರು ಅಧ್ಯಕ್ಷ ಡೊಂಬಯ್ಯ ಹೆಗ್ಡೆ. "ನನ್ನದು ಅಂತ ಈ ಮನೆಯಲ್ಲಿ ಒಂದು ಸೌಟು ಕೂಡ ಇಲ್ಲ."

ಅವರ ಹೆಂಡತಿ ರಾಜೀವಿ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದಳು. "ಮದುವೆಯಾದ ಮೇಲೆ ಇವರು ಈ ಮನೆಗೆ ಏನು ತಂದಿದ್ದಾರೆ ಅಂತ ನೀವೇ ಕೇಳಿ" ಎಂದಳು. 

ರಾಯರಿಗೆ ಭೂಮಿಗೆ ಇಳಿದುಹೋದ ಹಾಗಾಯಿತು. ಛೆ, ಎಂಥ ಮನುಷ್ಯನ ಮನೆಗೆ ನುಗ್ಗಿಬಿಟ್ಟೆ! ಇಂಥ ಬಡತನದಲ್ಲಿರುವವನನ್ನು ಕಳ್ಳನೆಂದು ಶಂಕಿಸಿದೆನಲ್ಲ! ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಹೆಗ್ಡೆಯವರ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ.

ಜೀಪಿನ ಹತ್ತಿರ ನಿಂತಿದ್ದ ಚಾಲಕ ಅಬ್ದುಲ್ ಶುಕೂರ್ ತಲೆ ಕೆರೆದುಕೊಂಡ. "ಸ್ವಾಮೀ, ಒಂದು ಮಾತು ಹೇಳುವುದುಂಟು..."

"ನೀನು ಗಾಡಿ ಓಡಿಸಪ್ಪ. ವಿಚಾರಣೆ ನಾನು ಮಾಡ್ತೀನಿ."

ದೂರು ಇದ್ದದ್ದು ಬಾವಿಯದ್ದು. ನೆರಿಯದ ಆಚೆಯ ಆ ಸಣ್ಣ ಊರಿನಲ್ಲಿ ಗುಡ್ಡದ ಮನೆಗಳಿಗೆ ಕುಡಿಯುವ ನೀರಿಗೆಂದು ಸರಕಾರ ಬಾವಿ ಮಂಜೂರು ಮಾಡಿತ್ತು. ಊರವರು ಬೇಡ ಬೇಡವೆಂದರೂ ಹೆಗ್ಡೆಯವರು ಕಲ್ಲುಹಾಸಿನ ಬೋಳು ಪಾದೆಯ ಮೇಲೆಯೇ ತೋಡಿಸಿದರು. ಆಳುದ್ದ ಇಳಿಯುವಷ್ಟರಲ್ಲಿ ಕರಿಬಂಡೆ ಎದ್ದಿತು. ಕಟ್ಟೆಗೆಂದು ತರಿಸಿದ ಸಿಮೆಂಟು ಮಳೆಗೆ ನೆನೆದು ಗಟ್ಟಿಯಾಯಿತಂತೆ, ಹೊಳೆಗೆ ಎಸೆದರಂತೆ. ಜೊತೆಗೆ ತರಿಸಿದ್ದ ಕೆಂಪು ಮುರಕಲ್ಲು ಏನಾಯಿತೋ, ಅದನ್ನು ಯಾರೂ ಹೇಳಲಿಲ್ಲ.

"ನೆನೆದದ್ದಲ್ಲ, ನುಂಗಿದ್ದು" ಎಂದು ದೂರು ಕೊಟ್ಟವಳು ಜಲಜಾಕ್ಷಿ. ಗುಡ್ಡದ ಮನೆಯವಳು. ಹೊಳೆಯಿಂದ ನೀರು ಹೊತ್ತು ಹೊತ್ತು ಅವಳ ಸೊಸೆಯ ಬಸಿರು ಆ ಬೇಸಿಗೆಯಲ್ಲಿ ಇಳಿದುಹೋಗಿತ್ತು. ಮುಂದಿನ ಬೇಸಿಗೆಗಾದರೂ ಬಾವಿ ಬೇಕು ಎನ್ನುವುದೊಂದೇ ಅವಳ ಮಾತು.

ಊರವರೆಲ್ಲ ಶಾಲೆಯ ಅಂಗಳದಲ್ಲಿ ಸೇರಿದ್ದರು. ರಾಯರು ಎದ್ದು ನಿಂತರು. ತಮ್ಮ ನಾಚಿಕೆಯನ್ನು ಯಾರ ಮೇಲಾದರೂ ಇಳಿಸಬೇಕಿತ್ತಲ್ಲ, ಆ ಹೆಂಗಸೇ ಸಿಕ್ಕಿದಳು.

"ಹೆಗ್ಡೆಯವರು ಜಾಗ ಆರಿಸುವಾಗ ತಪ್ಪಿರಬಹುದು, ಕದ್ದಿಲ್ಲ. ಒಬ್ಬ ಪ್ರಾಮಾಣಿಕನ ಮಾನ ಕಳೆದೆಯಲ್ಲಮ್ಮ. ಎಲ್ಲರೆದುರು ಕ್ಷಮೆ ಕೇಳು."

ಜಲಜಾಕ್ಷಿ ಗಲಿಬಿಲಿಗೊಂಡಳು. "ಅವರ ಮನೆ ನೋಡಿದಿರಾ ಸ್ವಾಮಿ?"

"ನೋಡಿಯೇ ಹೇಳ್ತಿರೋದು. ಅಡುಗೆಮನೆವರೆಗೂ ಹೋಗಿ ಬಂದಿದ್ದೀನಿ."

"ನೋಡಿಯೂ ಹೀಗೆ ಹೇಳ್ತೀರಾ?"

"ನೋಡಿದ್ದಕ್ಕೇ ಹೇಳ್ತಿದ್ದೀನಿ! ನಾಚಿಕೆಯಾಗಬೇಕು ನಿನಗೆ."

ಅವಳು ರಾಯರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆಯಿತು ಸ್ವಾಮಿ. ನೀವು ಕೂಡ ಅವರ ಕಡೆಯವರೇ ಅಂದ ಮೇಲೆ ಇನ್ನು ಯಾರ ಹತ್ತಿರ ಹೇಳುವುದು" ಎಂದು ಹೆಗ್ಡೆಯವರ ಎದುರು ಕೈಮುಗಿದು ಬಗ್ಗಿದಳು. ಹೆಗ್ಡೆಯವರು ದೊಡ್ಡ ಮನಸ್ಸಿನವರ ಹಾಗೆ "ಹೋಗಲಿ ಬಿಡು ಮಾರಾಯ್ತಿ" ಎಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದೆ ಕೂತಿದ್ದ ಮುದುಕ ಕೂಸಪ್ಪ ಎದ್ದು, ರಾಯರ ಕಡೆ ತಿರುಗಿಯೂ ನೋಡದೆ ನಡೆದುಬಿಟ್ಟ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ನ್ಯಾಯ ಹೇಳಿದ ಮೇಲೆ ಮನಸ್ಸು ಹಗುರವಾಗಬೇಕು, ರಾಯರಿಗೆ ಹಾಗಾಗಲಿಲ್ಲ. ಬಗ್ಗಿದ ಆ ಹೆಂಗಸಿನ ಬೆನ್ನು ಕಣ್ಣಿಗೆ ಕಟ್ಟಿದಂತಿತ್ತು. ಅಷ್ಟು ಜನರ ಮುಂದೆ ಹಾಗೆ ಮಾಡಿಸಬಾರದಿತ್ತೇನೋ ಎಂದು ಜೀಪಿನಲ್ಲಿ ಕೂತ ಮೇಲೂ ಅನಿಸುತ್ತಲೇ ಇತ್ತು.

ಹೊಳೆ ದಾಟಿ ತಿರುವು ತೆಗೆದುಕೊಂಡಾಗ ಎದುರಿಗೆ ಎತ್ತಿನ ಗಾಡಿ ಬಂತು. ಶುಕೂರ್ ಜೀಪು ನಿಲ್ಲಿಸಿದ. ರಸ್ತೆಯ ಪಕ್ಕದಲ್ಲೇ ಒಂದು ಮಾಳಿಗೆ ಮನೆ. ಕೆಂಪು ಹಂಚು, ಹೊಸ ಮುರಕಲ್ಲಿನ ಆವರಣಗೋಡೆ, ಅಂಗಳದಲ್ಲಿ ಹೊಚ್ಚ ಹೊಸ ಬಾವಿ. ಬಾವಿಯ ಸುತ್ತ ನುಣ್ಣಗೆ ಸಿಮೆಂಟು ಮೆತ್ತಿದ ಕಟ್ಟೆ.

"ಯಾರ ಮನೆಯಪ್ಪ ಇದು?"

"ಡೊಂಬಯ್ಯ ಹೆಗ್ಡೆಯವರ ತಂಗಿ ಇರುವುದು ಸ್ವಾಮಿ. ತಂಗಿ, ತಂಗಿಯ ಮಕ್ಕಳು."

ರಾಯರು ಮತ್ತೆ ಲೊಚಗುಟ್ಟಿದರು. "ನೋಡು, ತಂಗಿ ಇಷ್ಟು ಅನುಕೂಲವಾಗಿದ್ದಾಳೆ. ಅಣ್ಣ ಗಂಜಿ ಕುಡೀತಾನೆ, ಮಗ ಬೀಡಿ ಸುತ್ತುತ್ತಾನೆ. ಪಾಪ, ಅವರ ಮನೆಯೊಳಗೆ ನುಗ್ಗಿದೆನಲ್ಲ ನಾನು!"

ಶುಕೂರ್ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ತಿರುಗಿ ನೋಡಿದ. ಬೆಳಗಿನಿಂದ ಬಾಯಲ್ಲಿ ಹಿಡಿದುಕೊಂಡಿದ್ದನ್ನು ಆಗ ಹೇಳಿದ.

"ನೀವು ನುಗ್ಗಿದ್ದು ಅವರ ಮನೆಗೆ ಅಲ್ಲ ಸ್ವಾಮಿ, ಅವರ ಹೆಂಡತಿ ಮನೆಗೆ, ನಮ್ಮ ಊರಿನಲ್ಲಿ ಅಳಿಯಕಟ್ಟು, ಗಂಡಸು ಮಾಡಿದ್ದೆಲ್ಲ ತಂಗಿಯ ಮಕ್ಕಳಿಗೆ ಹೋಗುವುದು, ಅಧ್ಯಕ್ಷರ ಮನೆ ಇದೇ."