ಮೂರನೇ ಸಲ ವಾಪಸ್

ದಿನಸಿಗೆ ಜನ ನೆನಪುಗಳನ್ನೇ ಬೆಲೆಯಾಗಿ ಕೊಡುತ್ತಿದ್ದ ಕಾಲ ಅದು. ಸಿಹಿಯೋ ಕಹಿಯೋ, ಅಂಗಡಿಯವರು ಕೇಳುತ್ತಿರಲಿಲ್ಲ; ಕೊಟ್ಟ ನೆನಪು ಕೊಟ್ಟವರ ಮನಸ್ಸಿನಿಂದ ಅಳಿದುಹೋಗುತ್ತಿತ್ತು. ಹುಬ್ಬಳ್ಳಿಯ ನೀಲಾಂಬಿಕಾ ಜಾಣ ಗಿರಾಕಿ. ಪ್ರತಿ ಶನಿವಾರ ಬೇರೆ ಅಂಗಡಿಗಳ ದರಪಟ್ಟಿ ತೋರಿಸಿ, ತಾನು ಹೆಚ್ಚಿಗೆ ಕೊಟ್ಟ ನೆನಪನ್ನು ವಾಪಸ್ ಪಡೆಯುತ್ತಿದ್ದಳು.

ಆ ಶನಿವಾರ ಗಂಡ ಮಹಾರುದ್ರಪ್ಪನೊಡನೆ ಬಂದವಳು ಹಾಸ್ಟೆಲಿನಲ್ಲಿರುವ ಮಗಳು ಸುಗಂಧಾಳಿಗೆಂದು ಶೇಂಗಾ ಚಿಕ್ಕಿಯನ್ನೂ ಬುಟ್ಟಿಗೆ ಹಾಕಿಕೊಂಡಳು.

“ಹೋದ ವಾರ ಒಯ್ದ ಗೋಧಿಹಿಟ್ಟು ಎದುರಿನ ಅಂಗಡ್ಯಾಗ ಒಂದು ನೆನಪು ಕಡಿಮಿ ಇತ್ರಿ,” ಎಂದಳು.

ಗಲ್ಲಾದಲ್ಲಿದ್ದ ಹೆಂಗಸು ಪಟ್ಟಿ ನೋಡಿ ಒಂದು ನೆನಪನ್ನು ಮರಳಿಸಿದಳು.

ಮರುಕ್ಷಣ ನೀಲಾಂಬಿಕಾಳ ಅಂಗೈಯಲ್ಲಿ, ಆಸ್ಪತ್ರೆಯ ಮಂಚದ ಮೇಲೆ ಅವಳು ಹಿಡಿದಿದ್ದ ಸುಗಂಧಾಳ ತಣ್ಣಗಿನ ಪಾದವಿತ್ತು. ಮಗಳು ತೀರಿಕೊಂಡು ವರ್ಷವಾಗಿತ್ತು.

“ನಿಮಗ ಗೊತ್ತಿತ್ತೇನ್ರಿ?” ಎಂದು ಗಂಡನತ್ತ ತಿರುಗಿದಳು.

“ಹೂಂ. ಇದು ಮೂರನೇ ಸಲ ವಾಪಸ್ ಬಂದದ್ದು,” ಎಂದ ಮಹಾರುದ್ರಪ್ಪ. “ಪ್ರತಿ ಸಲ ಅತ್ತು ಅತ್ತು, ಇಲ್ಲೇ ಮತ್ತ ಕೊಟ್ಟುಬಿಡ್ತಿ. ಆಮ್ಯಾಲ ನಗತಿರ್ತಿ. ನನಗ ಹೇಳಾಕ ಬಾಯಿ ಬರಲಿಲ್ಲ.”

“ಈ ವಾರದ ಸಾಮಾನಿಗೆ ಅದನ್ನ ಕೊಡ್ತೀರೇನ್ರಿ ಅಕ್ಕಾರ?” ಗಲ್ಲಾದ ಹೆಂಗಸು ಮೆಲ್ಲಗೆ ಕೇಳಿದಳು.

ನೀಲಾಂಬಿಕಾ ಕಣ್ಣೊರೆಸಿಕೊಳ್ಳದೆ ತುಂಬಿದ ಬುಟ್ಟಿಯನ್ನು ಹಿಂದಕ್ಕೆ ತಳ್ಳಿದಳು.

“ಬ್ಯಾಡ್ರಿ. ಇದನ್ನ ಇವರೊಬ್ಬರೇ ಹೊತ್ತದ್ದು ಸಾಕು.”