ಸರಿಯಾದ ಲೆಕ್ಕ

"ಬೀಚ್ ಮರಗಳ ಹಳೆಯ ಕಾಡಿನಲ್ಲಿ ಹದಿನೆಂಟು ಜಾತಿಯ ಗಿಡಗಳು. ಹತ್ತು ವರ್ಷದ ಹಿಂದೆ ಮರ ಕಡಿದ ಪಕ್ಕದ ಇಳಿಜಾರಿನಲ್ಲಿ ನಲವತ್ತೊಂದು." ಪಟ್ಟಣದಿಂದ ಬಂದಿದ್ದ ಅಧಿಕಾರಿ ವರದಿಯಿಂದ ಅಷ್ಟು ಓದಿ ಕನ್ನಡಕ ತೆಗೆದ. "ಅಂದ್ರೆ ಏನಾಯ್ತು? ಮರ ಕಡಿದ್ರೆ ಕಾಡು ಬಡವಾಗಲ್ಲ, ಶ್ರೀಮಂತ ಆಗುತ್ತೆ. ಇದು ನನ್ನ ಮಾತಲ್ಲಪ್ಪ. ಎರಡು ಬೇಸಿಗೆ ಇದೇ ಬೆಟ್ಟದಲ್ಲಿ ಕೂತು ಎಣಿಸಿದ ಸಸ್ಯಶಾಸ್ತ್ರಜ್ಞೆಯ ಮಾತು."

ಫಾಜೆಟ್ ಊರಿನ ಸಭಾಭವನದ ಎರಡನೇ ಸಾಲಿನಲ್ಲಿ ಕೂತಿದ್ದ ಸ್ಮರಾಂದಾಳೇ ಆ ಸಸ್ಯಶಾಸ್ತ್ರಜ್ಞೆ. ಆ ಕಾಡನ್ನು ಉಳಿಸಬೇಕೆಂದೇ ಅವಳು ಆ ವರದಿ ಬರೆದಿದ್ದಳು. ಅರವತ್ತು ಪುಟಗಳಲ್ಲಿ ಅವನಿಗೆ ಬೇಕಾದದ್ದು ಎರಡೇ ಅಂಕಿ.

ಅವಳು ಎದ್ದು ನಿಂತಳು. "ಆ ನಲವತ್ತೊಂದರಲ್ಲಿ ಮುಕ್ಕಾಲು ಪಾಲು ರಸ್ತೆ ಬದಿಯ ಕಳೆ. ಲಾರಿ ಚಕ್ರಕ್ಕೆ ಅಂಟಿಕೊಂಡು ಬಂದವು. ಈ ಹದಿನೆಂಟರಲ್ಲಿ ಏಳು ಹಳೇ ಮರಗಳ ನೆರಳು ಬಿಟ್ಟು ಇನ್ನೆಲ್ಲೂ ಬದುಕಲ್ಲ. ಒಂದಕ್ಕಂತೂ ಎಲೆ ಕೂಡ ಇಲ್ಲ, ಬೇರಿನ ಬೂಷ್ಟನ್ನೇ ನಂಬಿಕೊಂಡು..."

"ಅಮ್ಮಾ, ಒಂದೇ ಮಾತು ಹೇಳಿ. ಹದಿನೆಂಟು ದೊಡ್ಡದೋ, ನಲವತ್ತೊಂದೋ?"

ಸಭೆ ಗೊಳ್ಳೆಂದಿತು. ಮರ ಕಡಿದರೆ ಕೆಲಸ ಸಿಕ್ಕೀತೆಂದು ಕಾದಿದ್ದ ಗಂಡಸರು ಹಿಂದಿನ ಬೆಂಚುಗಳಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕರು.

ಆಗ ಸ್ಮರಾಂದಾಳ ಪಕ್ಕದಲ್ಲಿದ್ದ ಸವೇತಾ ಎದ್ದಳು. ಎಪ್ಪತ್ತು ದಾಟಿದ ಹೆಂಗಸು. ಕಾಡಿನ ಸೊಪ್ಪು, ಅಣಬೆ ಸಂತೆಗೆ ಒಯ್ದು ಬದುಕಿದವಳು. ಎರಡು ಬೇಸಿಗೆಯೂ ಸ್ಮರಾಂದಾಳಿಗೆ ಮನೆಯಲ್ಲಿ ಜಾಗ ಕೊಟ್ಟು, ಮೆಕ್ಕೆಜೋಳದ ಗಂಜಿ ಹಾಕಿ, ಒಂದೊಂದು ಗಿಡವನ್ನೂ ಮಂಡಿಯೂರಿ ತೋರಿಸಿಕೊಟ್ಟವಳು. "ಮಗಳೇ" ಎಂದಲ್ಲದೆ ಕರೆದವಳಲ್ಲ.

"ಈ ಹುಡುಗಿಗೆ ಗಿಡದ ಗಂಧಗಾಳಿ ಗೊತ್ತಿಲ್ಲ!" ಸವೇತಾ ಕೂಗಿದಳು. "ಮೊಳಕೆಯಲ್ಲಿ ಕಂಡಾಗ ಒಂದು, ಹೂ ಬಿಟ್ಟಾಗ ಇನ್ನೊಂದು ಅಂತ ಒಂದೇ ಗಿಡನ ಎರಡು ಸಲ ಬರ್ಕೊಂಡ್ಳು. ನಾನೂ ತಮಾಷೆ ನೋಡೋಣ ಅಂತ ಬಾಯಿಗೆ ಬಂದ ಹೆಸರು ಹೇಳ್ದೆ. ಇವಳ ಲೆಕ್ಕ ಪೂರ್ತಿ ಬುರುಡೆ!"

ನಗು ನಿಂತಿತು. ಒಂದಕ್ಷರವೂ ನಿಜವಲ್ಲವೆಂದು ಸ್ಮರಾಂದಾಳಿಗೆ ಗೊತ್ತಿತ್ತು. ಮುದುಕಿಯ ಕೈ ಅವಳ ತೋಳನ್ನು ಜಗ್ಗಿತು. "ಹೂಂ ಅನ್ನು ಮಗಳೇ," ಎಂದಳು ಸವೇತಾ, ಅವಳಿಗಷ್ಟೇ ಕೇಳುವಂತೆ.

ಅಧಿಕಾರಿ ಕನ್ನಡಕ ಮತ್ತೆ ಏರಿಸಿದ. "ಲೆಕ್ಕ ತಪ್ಪಾಗಿದ್ರೆ ಇವತ್ತಿನ ಸಭೆ ರದ್ದು. ಮೊದಲಿಂದ ಎಣಿಸಬೇಕಾಗುತ್ತೆ, ಮೂರು ವರ್ಷವಾದ್ರೂ ಬೇಕು. ಹೇಳಿ, ತಪ್ಪಾಗಿದೆಯಾ?"

ಮೂರು ವರ್ಷ. ಒಂದು ಹೂಂ ಎಂದರೆ ಕಾಡಿಗೆ ಇನ್ನೂ ಮೂರು ವರ್ಷ. ಆದರೆ ಆಮೇಲೆ ತನ್ನ ಯಾವ ಲೆಕ್ಕವನ್ನೂ ಯಾರೂ ನಂಬುವುದಿಲ್ಲ, ಆ ಏಳು ಗಿಡಗಳ ಮಾತನ್ನೂ. ಹಾಗೆಂದು ಸ್ಮರಾಂದಾ ತನಗೆ ತಾನೇ ಹೇಳಿಕೊಂಡಳು. ವಿಶ್ವವಿದ್ಯಾಲಯದ ತನ್ನ ಕುರ್ಚಿಯೂ ಕಣ್ಣ ಮುಂದೆ ಬಂತು. ಅದನ್ನು ಮಾತ್ರ ಅವಳು ಹೇಳಿಕೊಳ್ಳಲಿಲ್ಲ.

"ಇಲ್ಲ," ಎಂದಳು. "ಲೆಕ್ಕ ಸರಿಯಾಗೇ ಇದೆ."

ತೋಳು ಹಿಡಿದಿದ್ದ ಕೈ ಸಡಿಲವಾಯಿತು. ಸವೇತಾ ಬೆಂಚಿನ ಅಂಚು ಹಿಡಿದು ಮೆಲ್ಲಗೆ ಕೂತಳು. ಹಿಂದಿನಿಂದ ಯಾರೋ, "ಮುದುಕಿಗೆ ಅರಳುಮರಳು," ಎಂದರು. ಮರ ಕಡಿಯಲು ಒಪ್ಪಿ ಕೈಗಳು ಮೇಲೆದ್ದವು. ಅಧಿಕಾರಿ ಎಣಿಸುವ ಗೋಜಿಗೂ ಹೋಗಲಿಲ್ಲ.

ಹೊರಗೆ ಸ್ಮರಾಂದಾ ಓಡಿ ಬಂದು ಸವೇತಾಳನ್ನು ತಡೆದಳು. "ಅಷ್ಟು ಜನರ ಮುಂದೆ ನಾನು ಹೇಗೆ ಸುಳ್ಳು ಹೇಳ್ಲಿ ಅಜ್ಜಿ?"

"ನಾನು ಹೇಳಿದೆನಲ್ಲ," ಎಂದಳು ಸವೇತಾ. "ನನ್ನ ನಾಲಿಗೆ ಬಿದ್ದೋಯ್ತಾ?" ತಲೆವಸ್ತ್ರ ಬಿಗಿದುಕೊಂಡು ಒಬ್ಬಳೇ ಬೆಟ್ಟ ಹತ್ತಿದಳು.

ಅಕ್ಟೋಬರಿನಲ್ಲಿ ಗರಗಸಗಳು ಬಂದವು.

ಎರಡು ವರ್ಷ ಕಳೆದು ಸ್ಮರಾಂದಾ ಮತ್ತೆ ಎಣಿಸಲು ಬಂದಳು. ನಡುಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ನೆಲ ಬಿಸಿಲಿಗೆ ಬಿರಿದಿತ್ತು. ಕಡಿದ ಮರಗಳ ಬುಡಗಳ ಸುತ್ತ ಭುಜದೆತ್ತರ ತುರಿಕೆ ಗಿಡ, ಮುಳ್ಳುಪೊದೆ, ಹೆಸರು ಬರೆದುಕೊಳ್ಳುವುದಕ್ಕೇ ಬೇಸರ ಬರುವಂಥ ಕಳೆಗಳು. ಸಂಜೆಯ ಹೊತ್ತಿಗೆ ನಲವತ್ತಾರು ಜಾತಿ ಆದವು. ಆ ಏಳರಲ್ಲಿ ಒಂದೂ ಇರಲಿಲ್ಲ.

ಕೆಳಗಿಳಿಯುವಾಗ ದಾರಿಯಲ್ಲಿ ಸವೇತಾ ಎದುರಾದಳು. ಬುಟ್ಟಿಯ ತುಂಬ ತುರಿಕೆ ಸೊಪ್ಪು. ಕೈಯೆಲ್ಲ ಕೆಂಪು ಬೊಕ್ಕೆ.

"ಚೆನ್ನಾಗಿದ್ದೀರಾ ಅಜ್ಜಿ?"

ಮುದುಕಿ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಗುರುತಿಲ್ಲದವರಿಗೆ ದಾರಿ ಬಿಡುವಂತೆ ಬದಿಗೆ ಸರಿದು ನಿಂತಳು.

"ನಿಮ್ಮ ಲೆಕ್ಕದ ಪ್ರಕಾರ ಚೆನ್ನಾಗೇ ಇರ್ಬೇಕು, ಮೇಡಂ."