ಅಂಚು ಮುಕ್ಕಾದ ಕಪ್ಪು

ಬೇಲಿಯಾಚೆ ಬೂದು ಬಣ್ಣದ ಕಾರು ನಿಂತಿತು. ಮಿಜೆಲಿ ಬಕ್‌ಲ್ಯಾಂಡ್ ಗಾಡಿಮನೆಯ ಕಿಟಕಿಯ ಪರದೆ ಸರಿಸಿ ನೋಡಿದವಳೇ ಹಲ್ಲು ಕಡಿದಳು.

"ಬಂತು ನೋಡು ಪೀಡೆ."

ಬೂಟಿಗೆ ಕಾಲು ತೂರಿಸುತ್ತಿದ್ದ ಗಂಡ ಮ್ಯಾನ್‌ಫ್ರಿ ತಲೆಯೆತ್ತಲಿಲ್ಲ. "ಕೋಪ್ ಸಾಹೇಬನಾ? ಪೊಲೀಸರೂ ಬಂದಿದಾರಾ?"

"ಒಬ್ಬನೇ. ಕಂಕುಳಲ್ಲಿ ಕಾಗದದ ಸುರುಳಿ."

ಜೆರಾಲ್ಡ್ ಕೋಪ್ ನಗರಸಭೆಯ ಯೋಜನಾ ಸಮಿತಿಯ ಅಧ್ಯಕ್ಷ. ಊರಿನ ಜಿಪ್ಸಿಗಳಿಗೆ ಗಾಡಿ ನಿಲ್ಲಿಸಿಕೊಂಡು ಬಾಳಲು ಒಂದು ಕಾಯಂ ಜಾಗ ಕೊಡುವ ನಕ್ಷೆ ನಾಲ್ಕು ವರ್ಷದಲ್ಲಿ ನಾಲ್ಕು ಸಲ ಸಮಿತಿಯ ಮುಂದೆ ಬಂದಿತ್ತು. ನಾಲ್ಕು ಸಲವೂ ಇವನದೊಂದು ವೋಟಿನಿಂದ ಬಿದ್ದಿತ್ತು. 'ಇದು ತಕ್ಕ ಜಾಗವಲ್ಲ' ಎಂದಷ್ಟೇ ಹೇಳಿ ಕೂರುತ್ತಿದ್ದ. ಇಟ್ಟಿಗೆ ಮನೆಗಳ ಜನ, ಜಿಪ್ಸಿಗಳ ಬಾಯಲ್ಲಿ ಗೋರ್ಜಾಗಳು, ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮಾರನೆಯ ದಿನ ಪತ್ರಿಕೆಯಲ್ಲಿ ಅವನ ಫೋಟೊ.

ಆ ನಕ್ಷೆಗಳೇನೂ ಚಿನ್ನದಂಥವಲ್ಲ, ನಿಜ. ಮೊದಲನೆಯದು ಕೊಳಚೆನೀರಿನ ಘಟಕದ ಪಕ್ಕ. ಎರಡನೆಯದು ಮೇಲ್ಸೇತುವೆಯ ಕೆಳಗೆ. ಮೂರನೆಯದು ಕಸದ ಗುಡ್ಡೆಯ ನೆರಳಲ್ಲಿ. ನಾಲ್ಕನೆಯದರಲ್ಲಿ ಜಾಗವೇನೋ ಹಸಿರಾಗಿತ್ತು. ಆದರೆ ಒಂದೇ ಗೋಡೆಗೆ ಈಚೆ ಒಲೆ, ಆಚೆ ಕಕ್ಕಸು. 'ನನ್ನ ನಾಯೀನೂ ಅಲ್ಲಿ ಕಟ್ಟಲ್ಲ' ಎಂದು ಮಿಜೆಲಿ ಉಗಿದಿದ್ದಳು. ಮಾರನೆಯ ದಿನ ಕೋಪ್ ಅದನ್ನೇ ತಳ್ಳಿಹಾಕಿದಾಗ ಅವನ ಹೆಸರು ಹಿಡಿದು ಶಾಪವನ್ನೂ ಹಾಕಿದ್ದಳು. ಬೇಡವೆನ್ನುವ ಹಕ್ಕು ತನ್ನದು, ಅವನದಲ್ಲ.

ಮ್ಯಾನ್‌ಫ್ರಿಗೆ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಈ ವರ್ಷ ಇದು ಅವರು ಗಾಡಿ ನಿಲ್ಲಿಸಿದ ಹನ್ನೊಂದನೆಯ ರಸ್ತೆಯಂಚು. ಸೋಮವಾರ ಇದನ್ನೂ ಬಿಡಬೇಕು. ಇವತ್ತು ಮಧ್ಯಾಹ್ನ ಐದನೆಯ ನಕ್ಷೆಯ ವೋಟು. ಅದೂ ಬಿದ್ದರೆ ಅವರಿಗೆ ಉಳಿಯುವುದು ನಗರಸಭೆ ಕೊಡುವ ಆರನೆಯ ಅಂತಸ್ತಿನ ಒಂದು ಫ್ಲ್ಯಾಟು.

"ಆ ಡಬ್ಬದೊಳಗೆ ಹಾಕಿದ್ರೆ ಕಿಡ್ನಿಗಿಂತ ಮೊದಲು ನಾನೇ ಕೈಕೊಡ್ತೀನಿ ಕಣೇ," ಎಂದಿದ್ದ ಮ್ಯಾನ್‌ಫ್ರಿ. ನಗುತ್ತಲೇ ಅಂದಿದ್ದ. ಅವಳಿಗೆ ನಗು ಬಂದಿರಲಿಲ್ಲ.

ಬೇರೆ ಅಧಿಕಾರಿಗಳಾದರೆ ಬಂದವರೇ ಬಾಗಿಲು ಗುದ್ದುತ್ತಾರೆ. ಕೋಪ್ ಹಾಗೆ ಮಾಡಲಿಲ್ಲ. ಆರಿದ ಬೆಂಕಿಗುಂಡಿಯ ಹತ್ತಿರ ನಿಂತು, ಕರೆಯುವವರೆಗೂ ಕೆಮ್ಮುತ್ತಿದ್ದ.

"ನಾಯಿಗೆ ಹೆದರಿದಾನೆ," ಎಂದಳು ಮಿಜೆಲಿ. ನಾಯಿ ಹೋಗಿ ಅವನ ಅಂಗೈಗೆ ಮೂತಿ ಒತ್ತಿತು. "ಥೂ, ದ್ರೋಹಿ!"

ಕೋಪ್ ಮೆಟ್ಟಿಲ ಮೇಲೆ ನಕ್ಷೆ ಹರವಿದ. "ಒಂದ್ಸಲ ನೋಡಿಬಿಡಿ, ಮಿಸೆಸ್ ಬಕ್‌ಲ್ಯಾಂಡ್."

ಅವಳು ಕನ್ನಡಕ ಏರಿಸಿದಳು. ಹತ್ತು ಗಾಡಿಗಳು ಕುದುರೆಲಾಳದ ಹಾಗೆ ಬಾಗಿ ನಿಂತಿವೆ. ಎಲ್ಲರ ಬಾಗಿಲೂ ಎಲ್ಲರಿಗೂ ಕಾಣುತ್ತದೆ. ಕಕ್ಕಸು ದೂರ, ಅದರ ಬಾಗಿಲು ಬೇಲಿಯ ಕಡೆಗೆ. ಒಲೆಯ ಪಕ್ಕ ಎರಡು ತೊಟ್ಟಿ: ಪಾತ್ರೆಗೊಂದು, ಕೈಗೊಂದು. ಆಸ್ಪತ್ರೆಗೆ ನಡೆದರೂ ಕಾಲು ಗಂಟೆ.

ಅವಳ ಮೈ ಜುಮ್ಮೆಂದಿತು. ಸಂತೋಷಕ್ಕಲ್ಲ, ಅನುಮಾನಕ್ಕೆ.

"ಇದನ್ನೆಲ್ಲ ಯಾರು ಹೇಳಿಕೊಟ್ರು ನಿಮಗೆ?"

"ಗೊತ್ತಿರೋರು."

"ಅಂದ್ರೆ ನಮ್ಮವನೇ ಯಾವನೋ ಬಾಯಿ ಬಿಟ್ಟಿದಾನೆ."

"ಇರಬಹುದು. ತಪ್ಪೇನಾದ್ರೂ ಇದ್ರೆ ಈಗ್ಲೇ ಹೇಳಿ."

"ತಪ್ಪು ಹುಡುಕೋದು ನಿಮ್ಮ ಕಸುಬಲ್ವಾ ಸಾಹೇಬ್ರೆ? ನಾಲ್ಕು ವರ್ಷ ಪಳಗಿದ ಕೈ!"

ಒಳಗಿನಿಂದ ಮ್ಯಾನ್‌ಫ್ರಿ ಕಿಸಕ್ಕೆಂದ. ಕೋಪ್ ಮಾತ್ರ ನಕ್ಷೆಯನ್ನೇ ನೋಡುತ್ತ, "ಇದರಲ್ಲಿ ನನಗೂ ಸಿಕ್ಕಿಲ್ಲ," ಎಂದ.

ಆಸೆ ತೋರಿಸಿ ಬಾವಿಗೆ ತಳ್ಳುವ ಹೊಸ ಉಪಾಯ, ಅಂದುಕೊಂಡಳು ಮಿಜೆಲಿ. ಇರಲಿ, ಇವನಿಗೂ ಒಂದು ಮರ್ಯಾದೆ ಮಾಡಿಯೇ ಕಳಿಸೋಣ.

"ಟೀ ಕುಡೀತೀರಾ?"

ಮೆಟ್ಟಿಲ ಕೆಳಗೆ, ನಾಯಿಯ ತಟ್ಟೆಯ ಪಕ್ಕ, ಅಂಚು ಮುಕ್ಕಾದ ಕಪ್ಪೊಂದಿತ್ತು. ಮುಕ್ಕಾದ ಕಪ್ಪೆಂದರೆ ಅವರಲ್ಲಿ ಮೈಲಿಗೆ. ಅದು ಬಾಯಿಗೆ ತಾಗಬಾರದು. ಯಾರ ಕೈಗೆ ಬಂತೋ ಅವರೇ ಅದನ್ನು ಕಲ್ಲಿಗೆ ಕುಕ್ಕಿ ಒಡೆದು, ಮಕ್ಕಳ ಕಾಲಿಗೆ ಚುಚ್ಚದ ಹಾಗೆ ಬೇಲಿಯ ಬುಡಕ್ಕೆ ತಳ್ಳಿ, ಎಲ್ಲಕ್ಕಿಂತ ಮೇಲೆ ಹಿಡಿಯನ್ನು ಬೋರಲಾಗಿ ಇಡಬೇಕು. ಮಿಜೆಲಿಗೆ ಅವಳಜ್ಜಿ ಕಲಿಸಿದ್ದು ಹಾಗೆ; ಹೊರಗಿನವರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಈ ಕಪ್ಪೊಂದನ್ನು ಮಾತ್ರ ಅವಳು ಒಡೆಯದೆ ಬೇಕೆಂದೇ ಉಳಿಸಿಕೊಂಡಿದ್ದಳು. ಬಂದ ಅಧಿಕಾರಿಗಳೆಲ್ಲ ಅದರಲ್ಲೇ ಕುಡಿದು, ಥ್ಯಾಂಕ್ಸ್ ಹೇಳಿ ಹೋಗಿದ್ದರು. ಅವಮಾನ ಆಯಿತೆಂಬುದೂ ಆ ಗೋರ್ಜಾಗಳಿಗೆ ಗೊತ್ತಾಗುತ್ತಿರಲಿಲ್ಲ.

ಕೋಪ್ ಕಪ್ಪು ತೆಗೆದುಕೊಂಡ. ಹೆಬ್ಬೆರಳು ಮುಕ್ಕಿನವರೆಗೆ ಹೋಗಿ ನಿಂತಿತು. ಕುಡಿಯಲಿಲ್ಲ.

"ಯಾಕೆ, ಜಿಪ್ಸಿ ಟೀ ಗಂಟಲಲ್ಲಿ ಇಳಿಯಲ್ವಾ?"

"ಬಿಸಿ ಇದೆ. ಆರಲಿ."

ಏನು ಜಂಬ! ಅವಳಿಗೆ ಉರಿದುಹೋಯಿತು. ಹೊತ್ತೂ ಆಗಿತ್ತು. ಗಂಡನನ್ನು ಪಿಕಪ್ಪಿಗೆ ಹತ್ತಿಸಿ ಕಿಟಕಿಯಿಂದ ಕೂಗಿದಳು: "ಕಪ್ಪು ಅಲ್ಲೇ ಇಡಿ. ನಿಮ್ಮಂಥೋರಿಗೇ ಅಂತ ಇಟ್ಟಿರೋದು ಅದು."

"ಗೊತ್ತಾಯ್ತು," ಎಂದ ಕೋಪ್.

ಆಸ್ಪತ್ರೆಯಲ್ಲಿದ್ದಾಗ ಸೊಸೆ ಜೆಂಟಿಯ ಫೋನು ಬಂತು. ಅವಳು ಸಭೆಗೆ ಹೋಗಿದ್ದಳು. "ಅತ್ತೇ, ಪಾಸಾಯ್ತು! ಒಂದೇ ವೋಟಲ್ಲಿ!"

"ಯಾರದು?"

"ಕೋಪ್‌ದು! ಜನ ಬೆಂಚು ಗುದ್ದಿ, ಅಷ್ಟು ಪ್ರೀತಿ ಇದ್ರೆ ನೀನೂ ಹೋಗಿ ಅವರ ಜೊತೇಲೇ ಇರು ಅಂತ ಬೈದ್ರು. ಅವನು ನಗ್ತಾ ಕೂತಿದ್ದ."

ಮ್ಯಾನ್‌ಫ್ರಿ ಸೂಜಿ ಚುಚ್ಚಿದ ಕೈಯನ್ನು ಅಲುಗಾಡಿಸದೆ ಇನ್ನೊಂದರಿಂದ ಕಣ್ಣೊರೆಸಿಕೊಂಡ. ಮಿಜೆಲಿ ಮಾತ್ರ ತಲೆಯಾಡಿಸಿದಳು. "ಏನೋ ಮೋಸ ಇದೆ ಕಣೋ ಮುದುಕ. ಗೋರ್ಜಾ ಸುಮ್ಸುಮ್ನೆ ಏನೂ ಕೊಡಲ್ಲ."

ಮರಳಿದಾಗ ಇನ್ನೂ ಬೆಳಕಿತ್ತು. ಕಪ್ಪನ್ನು ಕೈಯಿಂದ ಮುಟ್ಟಬಾರದೆಂದು ಇಕ್ಕಳ ಹಿಡಿದು ಹೋದಳು. ಮೆಟ್ಟಿಲ ಮೇಲೆ ಇಲ್ಲ. ಕೆಳಗೂ ಇಲ್ಲ.

"ನೋಡಿದ್ಯಾ? ಕದ್ಕೊಂಡು ಹೋಗಿದಾನೆ! ನಾವು ಕಳ್ಳರಂತೆ!"

"ಮುಕ್ಕು ಕಪ್ಪನ್ನಾ?" ಮ್ಯಾನ್‌ಫ್ರಿ ನಕ್ಕ. "ನಾಯಿ ಅಲ್ಲೇನೋ ಮೂಸ್ತಾ ಇದೆ, ನೋಡು."

ಅವಳು ಬಗ್ಗಿ ನೋಡಿದಳು. ಬೇಲಿಯ ಬುಡದಲ್ಲಿ, ಮಕ್ಕಳ ಕಾಲು ತಲುಪದಷ್ಟು ಒಳಗೆ ಕಪ್ಪಿನ ಚೂರುಗಳಿದ್ದವು. ಎಲ್ಲಕ್ಕಿಂತ ಮೇಲೆ, ಬೋರಲಾಗಿ, ಹಿಡಿ.